ಎಚ್‌ಐವಿ ಸಂಶೋಧನೆಗೆ ಮಂಗಳೂರಿನಲ್ಲಿ ಪ್ರತ್ಯೇಕ ಪ್ರಯೋಗಾಲಯ, ಕಾಯಂ ಹುದ್ದೆ ಬೇಕೆ?

ಪರ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ. ಪಾಠ ಹೇಳುವ ಕಾಲೇಜೊಂದರ ವಿಭಾಗದಿಂದ, ಅದೂ ಪದವಿಗೆ ಬರೆಯಬೇಕಿದ್ದ ಪ್ರಬಂಧವೊಂದರ ನೆಪದಲ್ಲಿ, ಆ ಶೋಧ ಹೊರಟಿತು.

ಮಂಗಳೂರಿಗೂ ಅಂಥ ಅವಕಾಶವಿದೆ. ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಎಚ್‌ಐವಿ ಹತ್ತಿಕ್ಕುವ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ವರ್ಷಗಟ್ಟಲೆ ಬರುತ್ತಿರುವ ರೋಗಿಗಳಿದ್ದಾರೆ. 1955ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಅದೇ ಆಸ್ಪತ್ರೆಯಲ್ಲಿ ಕಲಿಯುತ್ತಾರೆ. ನಮ್ಮ ದೇಶದ ಸೋಂಕಿನಲ್ಲಿ ಬಹುಪಾಲು ವೈರಾಣುವಿನ ಸಿ ಉಪಪ್ರಭೇದದ್ದಾದರೆ, ಅಮೆರಿಕ ಮತ್ತು ಯುರೋಪಿನ ಪ್ರಯೋಗಾಲಯಗಳು ದಶಕಗಳ ಕಾಲ ಹೆಚ್ಚಾಗಿ ಅಭ್ಯಸಿಸಿದ್ದು ಬಿ ಉಪಪ್ರಭೇದವನ್ನು. ಮಾತ್ರೆ ತಪ್ಪದೆ ನುಂಗುವವರಲ್ಲಿಯೂ ಕೆಲವು ಜೀವಕೋಶಗಳೊಳಗೆ ಅಡಗಿರುವ ವೈರಾಣುವನ್ನು ಹುಡುಕಬೇಕಾದರೆ, ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ದ್ರವ ಸಾರಜನಕದಲ್ಲಿ ಇಡಬೇಕಾಗುತ್ತದೆ. ದೂರದ ಪುಣೆಯ ಪ್ರಯೋಗಾಲಯಕ್ಕೆ ಕಳಿಸಿ ಕಾಯುವ ಕೆಲಸವಲ್ಲ ಇದು.

ಯಂತ್ರಕ್ಕಿಂತ ಕಷ್ಟದ ಮಾತು ಮನುಷ್ಯರದು. ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ಪಾಠ, ಸಂಜೆ ಉತ್ತರಪತ್ರಿಕೆ ಎಂದು ದಿನ ಕಳೆಯುವ ಸಹಾಯಕ ಪ್ರಾಧ್ಯಾಪಕರು ಬಡ್ತಿಗೆ ಬೇಕಾದಷ್ಟು ಲೇಖನಗಳನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆಯೇ ಹೊರತು, ಒಂದೇ ರೋಗಿಗಳ ಗುಂಪನ್ನು ಹತ್ತು ವರ್ಷ ಹಿಂಬಾಲಿಸುವ ಅಧ್ಯಯನಕ್ಕೆ ಕೈಹಾಕುವುದಿಲ್ಲ. ಅದರ ಫಲ ಕೈಗೆ ಬರುವಷ್ಟರಲ್ಲಿ ಜೊತೆಯವರೆಲ್ಲ ಮುಂದೆ ಹೋಗಿರುತ್ತಾರೆ. ವಾರದ ಅರ್ಧ ಸಮಯವನ್ನು ಸಂಶೋಧನೆಗೆಂದು ನೇಮಕಾತಿ ಪತ್ರದಲ್ಲಿಯೇ ಬರೆದುಕೊಟ್ಟ ಕಾಯಂ ಹುದ್ದೆಗಳಿಲ್ಲದಿದ್ದರೆ, ಕೊಂಡ ಉಪಕರಣ ಪ್ಲಾಸ್ಟಿಕ್ ಹೊದಿಕೆಯೊಳಗೇ ಹಳತಾಗುತ್ತದೆ.

ವಿರೋಧ

ಹುದ್ದೆಯ ವಿಷಯದಲ್ಲಿ ತಕರಾರಿಲ್ಲ. ಅದು ಎಂದೋ ಆಗಬೇಕಿತ್ತು. ತಕರಾರಿರುವುದು ‘ಎಚ್‌ಐವಿಗೆಂದೇ’ ಎಂಬ ಬೇಲಿಗೆ.

ನಿರ್ಮಲಾ ಅವರ ಕಥೆಯನ್ನು ಹೇಳುವುದಾದರೆ ಪೂರ್ತಿ ಹೇಳಬೇಕು. ಮಾದರಿಗಳನ್ನು ಪರೀಕ್ಷಿಸುವ ಅನುಕೂಲ ಮದ್ರಾಸಿನಲ್ಲಿ ಇರಲಿಲ್ಲವಾದ್ದರಿಂದ ಅವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಒಯ್ಯಲಾಯಿತು. ನಮಗಂತೂ ಅಷ್ಟು ದೂರವೂ ಇಲ್ಲ. ಮಂಗಳೂರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಮಣಿಪಾಲ ಸೇರುತ್ತದೆ. 2018ರ ಮೇ ತಿಂಗಳಲ್ಲಿ ಕೇರಳದ ನಿಪಾ ಸೋಂಕನ್ನು ಗುರುತಿಸಿದ್ದು ಮಣಿಪಾಲದ ವೈರಾಣು ಪ್ರಯೋಗಾಲಯವೇ; ಒಂದೇ ರೋಗಕ್ಕೆ ಮುಡಿಪಾಗಿರದಿದ್ದದ್ದೇ ಅದರ ಬಲ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇಕಡ 0.2ರ ಆಸುಪಾಸಿನಲ್ಲಿದೆ. ಮಳೆಗಾಲದಲ್ಲಿ ಕರಾವಳಿಯ ಜ್ವರದ ವಾರ್ಡುಗಳಿಗೆ ಜನ ಬರುವುದು ಡೆಂಗಿ, ಮಲೇರಿಯಾ, ಇಲಿಜ್ವರದಿಂದ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿ ಮೈನಸ್ 80 ಡಿಗ್ರಿಯ ಫ್ರೀಜರನ್ನು ಉಳಿಸಲು ಜನರೇಟರು, ಡೀಸೆಲ್, ಎದ್ದು ಕೂರುವ ಒಬ್ಬ ಮನುಷ್ಯ ಬೇಕು. ಆ ಖರ್ಚನ್ನು ಎರಡು ಕಡೆ ಹೊರುವುದೇಕೆ?

ಹಣದ ಮೂಲವನ್ನೂ ನೋಡಬೇಕು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕದಲ್ಲಿ ಎಷ್ಟೋ ಎಚ್‌ಐವಿ ಸೇವೆಗಳೂ ಪ್ರಯೋಗಗಳೂ ಅರ್ಧಕ್ಕೆ ನಿಂತವು. ಒಂದು ರೋಗದ ಅನುದಾನವನ್ನೇ ನೆಚ್ಚಿಕೊಂಡ ಅಧ್ಯಾಪಕನ ಗತಿಯೂ ಅದೇ ಆಗುತ್ತದೆ. ಹುದ್ದೆ ಕಾಲೇಜಿನ ಸಂಬಳದ ಪಟ್ಟಿಯಲ್ಲಿರಲಿ, ಸೋಂಕುರೋಗ ವಿಭಾಗದ ಹೆಸರಿನಲ್ಲಿರಲಿ.

ರೋಗಿಗಳ ಕಡೆಯಿಂದಲೂ ಒಂದು ಮಾತಿದೆ. ಗೌಪ್ಯತೆಗೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ರಕ್ಷಣೆ ಇದ್ದರೂ, ಪರಿಚಯದವರ ಕಣ್ಣಿಗೆ ಬಿದ್ದೇವೆಂದು ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಬಸ್ಸು ಹತ್ತುವವರಿದ್ದಾರೆ. ಎಚ್‌ಐವಿ ಎಂದು ಫಲಕ ಹಾಕಿದ ಕಟ್ಟಡದೊಳಗೆ ಅವರು ಕಾಲಿಡುವುದು ಕಷ್ಟ. ಅಂಥವರು ಮಾತ್ರೆ ಒಯ್ಯಲು ಬಾರದ ತಿಂಗಳು ಫೋನ್ ಮಾಡಿ ವಿಚಾರಿಸುವವರು ಗುತ್ತಿಗೆಯ ಮೇಲೆ ದುಡಿಯುವ ಆಪ್ತಸಮಾಲೋಚಕರು. ಹತ್ತು ವರ್ಷದ ಅಧ್ಯಯನ ಬೇಕೆನ್ನುವವರು ಮೊದಲ ಕಾಯಂ ಹುದ್ದೆಯನ್ನು ಅವರಿಗೇ ಕೇಳಬೇಕು.