ಸೇವಾ ಕ್ಲಬ್‌ಗಳ ಪುರಸ್ಕಾರಕ್ಕೆ ಸಿಇಟಿ ಅಂಕವಿಲ್ಲ: ಸ್ಪಷ್ಟನೆ

ರೋಟರಿ, ಲಯನ್ಸ್ ಕ್ಲಬ್‌ಗಳು ನೀಡುವ ಪ್ರತಿಭಾ ಪುರಸ್ಕಾರದ ಪತ್ರವನ್ನು ಲಗತ್ತಿಸಿದರೆ ಸಿಇಟಿಯಲ್ಲಿ ಹೆಚ್ಚುವರಿ ಅಂಕ ದೊರೆಯುತ್ತದೆ ಎಂಬ ಸಂದೇಶವೊಂದು ಹಾಸನದ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸತ್ಯಕ್ಕೆ ದೂರವಾದುದು. 1905ರಲ್ಲಿ ಶಿಕಾಗೋದಲ್ಲಿ ಆರಂಭವಾದ ರೋಟರಿಯಾಗಲಿ, 1917ರಲ್ಲಿ ಹುಟ್ಟಿದ ಲಯನ್ಸ್ ಆಗಲಿ ಸರ್ಕಾರದ ಅಂಗಗಳಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಐಚ್ಛಿಕ ವಿಷಯಗಳ ಅಂಕ ಹಾಗೂ ಸಿಇಟಿ ಅಂಕಗಳನ್ನು ತಲಾ ಶೇ 50ರಂತೆ ಪರಿಗಣಿಸಲಾಗುತ್ತದೆ. ವೈದ್ಯಕೀಯಕ್ಕೆ ನೀಟ್ ಇದೆ.

ರಕ್ತದಾನ ಶಿಬಿರದಲ್ಲಿ ಬೆಳಿಗ್ಗೆಯಿಂದ ಸರದಿ ನಿಭಾಯಿಸಿದ ಸ್ವಯಂಸೇವಕನಿಗೆ ಹೊದಿಸುವ ಶಾಲು, ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಪಡೆದ ಹುಡುಗಿಯ ಕೈಗಿಡುವ ಸ್ಮರಣಿಕೆ, ಇವು ಊರಿನವರ ಮನಃಪೂರ್ವಕ ಮೆಚ್ಚುಗೆಯಾಗಿದ್ದು, ನಮ್ಮ ದೃಷ್ಟಿಯಲ್ಲಿ ಅದೇನೂ ಸಣ್ಣ ಗೌರವವಲ್ಲ. ಅಂಕದ ಆಸೆ ತೋರಿಸಿ ಇಂತಹ ಪತ್ರ ಕೊಡಿಸುವುದಾಗಿ ಯಾರಾದರೂ ಹಣ ಕೇಳಿದಲ್ಲಿ ಪೋಷಕರು ದಯವಿಟ್ಟು ಕೊಡಬಾರದು.