ಫೈಲಿಗೆ ಒಂದು ಗೀರೂ ಬಿದ್ದಿಲ್ಲ

ಬೆಂಗಳೂರಿನಲ್ಲಿ ಮೂರು ಬೇಸ್‌ಮೆಂಟ್ ಇಳಿಸಲು ಹೊರಟರೆ ಎಷ್ಟೋ ಕಡೆ ಮಣ್ಣು ಮುಗಿದು ಬಂಡೆ ಎದುರಾಗುತ್ತದೆ. ಅವತ್ತೇ ಸೈಟಿಗೆ ಕಂಪ್ರೆಸರ್ ಟ್ರ್ಯಾಕ್ಟರ್ ಬರುತ್ತದೆ, ಆಫೀಸಿಗೆ ಬ್ಲಾಸ್ಟಿಂಗ್ ಸುರಕ್ಷತಾ ಯೋಜನೆ ಬರುತ್ತದೆ. ಎರಡೂ ಎರವಲು. ಯೋಜನೆಯ ಹನ್ನೊಂದನೇ ಪುಟದಲ್ಲಿ ‘ಕಾಲುವೆಯ ಎಡದಂಡೆ ಗ್ರಾಮಸ್ಥರಿಗೆ ಡಂಗುರ ಸಾರತಕ್ಕದ್ದು’ ಎಂದಿರುತ್ತದೆ. ಸೈಟಿನ ಎಡಕ್ಕಿರುವುದು ಒಂದು ಪಿ.ಜಿ., ಒಂದು ದರ್ಶಿನಿ.

ಗಣಿ ನಿಯಮದಲ್ಲಿ ಸಿಡಿತದ ಸುತ್ತ ನೂರಾರು ಮೀಟರ್ ಅಪಾಯ ವಲಯ. ನಕ್ಷೆಯಲ್ಲಿ ಕೈವಾರ ತಿರುಗಿಸಿದರೆ ಶಾಲೆ, ಬಸ್ ಸ್ಟಾಪು, ಗಣಪನ ಗುಡಿ ಎಲ್ಲವೂ ಒಳಗೆ. ಹೀಗಿದ್ದಾಗ ಮದ್ದು ಕಡಿಮೆ ಮಾಡಿ, ಬಂಡೆಗೆ ಕೊರೆದ ಕುಳಿಗಳ ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಮರಳು ಮೂಟೆ, ಹಳೇ ಟೈರಿನ ಚಾಪೆ ಹೊದಿಸಿ ಸಿಡಿಸಬೇಕು. ಯೋಜನೆಯಲ್ಲಿ ಚಾಪೆ ಕಲರ್ ಫೋಟೋ ಸಮೇತ ಇದೆ. ಸೈಟಿನಲ್ಲಿ ನಾಲ್ಕು ಮೂಟೆ ಇದ್ದವು, ಮರಳು ಗಾರೆಗೆ ಹೋಯಿತು, ಚೀಲ ಉಳಿದಿದೆ.

ಕುಳಿಯ ವಿಷಯಕ್ಕೆ ಬನ್ನಿ. ಐದಡಿ ಕುಳಿಯ ತಳದಲ್ಲಿ ಮದ್ದು, ಮೇಲಿನ ಭಾಗಕ್ಕೆ ಒದ್ದೆ ಜೇಡಿಮಣ್ಣು. ಆ ಮಣ್ಣೇ ಬಿರಡೆ: ಅದು ಗಟ್ಟಿ ನಿಂತರೆ ಅನಿಲ ಬಂಡೆಯನ್ನು ಸೀಳುತ್ತದೆ, ಸಡಿಲವಾದರೆ ಬಾಯಿಂದಲೇ ಚಿಮ್ಮಿ ಕಲ್ಲನ್ನು ದರ್ಶಿನಿಗೆ ಪಾರ್ಸೆಲ್ ಕಳಿಸುತ್ತದೆ. ಜೇಡಿ ತರಿಸಲು ಖರ್ಚು, ಕೊರೆದ ಪುಡಿ ಪಕ್ಕದಲ್ಲೇ ಬಿಟ್ಟಿ ಬಿದ್ದಿದೆ. ಪುಡಿ ಸುರಿದಾಯಿತು. ಅದುಮಲು ಮರದ ಕೋಲೇ ಆಗಬೇಕು, ಕಬ್ಬಿಣ ಕಿಡಿ ಹಾರಿಸುತ್ತದೆ. ಆದರೆ ಕಟ್ಟಡ ಕಟ್ಟುವ ಜಾಗದಲ್ಲಿ ಕಂಬಿಗೇನು ಬರ?

ಜಿಲೆಟಿನ್ ಮದ್ದು ಮತ್ತು ಅದನ್ನು ಸಿಡಿಸುವ ಕೇಪು, ಅಂದರೆ ಡಿಟೋನೇಟರ್, ಒಟ್ಟಿಗೆ ಇರಕೂಡದು. ಈ ನಿಯಮ ಮಾತ್ರ ಚಾಚೂ ತಪ್ಪದೆ ನಡೆಯುತ್ತದೆ: ಜಿಲೆಟಿನ್ ಪೆಟ್ಟಿಗೆ ಊಟಕ್ಕೆ ಕೂರುವ ಮಣೆ, ಕೇಪು ಅಂಗಿ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ. 2025ರ ಏಪ್ರಿಲ್ 1ರಿಂದ ದೇಶದಲ್ಲಿ ಎಲೆಕ್ಟ್ರಿಕ್ ಡಿಟೋನೇಟರ್‌ಗೆ ನಿಷೇಧವಿದೆ. ಯೋಜನೆಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಬ್ಲಾಸ್ಟರ್ ಪ್ರಮಾಣಪತ್ರ ಗೋಡೆಯಲ್ಲಿ ತೂಗುತ್ತಿದೆ, ಅದರ ಒಡೆಯ ಊರಲ್ಲಿ ರಾಗಿ ಕೊಯ್ಯುತ್ತಿದ್ದಾನೆ.

ಕಂಪನ ಅಳೆಯುವ ಯಂತ್ರವೂ ಉಂಟು. ಸಾಮಾನ್ಯ ಮನೆಗೆ 8 ಹರ್ಟ್ಸ್‌ಗಿಂತ ಕೆಳಗಿನ ಕಂಪನ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. ಯಂತ್ರವನ್ನು ಪಕ್ಕದ ಮನೆಯ ಬುಡದಲ್ಲಿ ಇಡಬೇಕು. ಅದು ಆಚೆ ತುದಿಯ ಸೆಕ್ಯುರಿಟಿ ಗೂಡಿನ ಬಳಿ ತಣ್ಣಗೆ ಕೂತು ಸೊನ್ನೆ ತೋರಿಸುತ್ತದೆ. ಗೋಡೆ ಬಿರುಕು ಬಿಟ್ಟಿತು ಎಂದು ಪಕ್ಕದ ಮನೆಯವರು ಬಂದರೆ ಸೈಟಿನವರು ಬಿರುಕಿನ ಜನನ ಪ್ರಮಾಣಪತ್ರ ಕೇಳುತ್ತಾರೆ. ಕೆಲಸ ಶುರುವಾಗುವ ಮುಂಚೆ ಗೋಡೆಗಳ ಫೋಟೋ ತೆಗೆದಿಡಬೇಕಿದ್ದವರೂ ಇವರೇ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಶಿವಮೊಗ್ಗದವರು ಭೂಕಂಪವೆಂದು ಬೀದಿಗೆ ಓಡಿದರು. ಅಕ್ರಮದ ಮೇಲೆ ದಾಳಿ ಶುರುವಾಯಿತು. ತಿಂಗಳು ಕಳೆದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ, ಬಚ್ಚಿಟ್ಟ ಜಿಲೆಟಿನ್ ವಿಲೇವಾರಿಗೆ ಹೊರಟ ಆರು ಮಂದಿ ಸತ್ತರು. ಆಮೇಲೆ ಫೈಲುಗಳು ದಪ್ಪವಾದವು.

ಕೊನೆಯದು ಮಿಸ್‌ಫೈರ್ ರಿಜಿಸ್ಟರ್. ಸಿಡಿಯದೆ ಉಳಿದ ಕುಳಿಯನ್ನು ಕೆದಕಬಾರದು. ಬತ್ತಿಯದಾದರೆ ಅರ್ಧ ಗಂಟೆ ಹತ್ತಿರ ಸುಳಿಯಬಾರದು, ಆಮೇಲೆ ಕನಿಷ್ಠ 30 ಸೆಂಟಿಮೀಟರ್ ಆಚೆ ಸಮಾನಾಂತರವಾಗಿ ಹೊಸ ಕುಳಿ ಕೊರೆದು ಸಿಡಿಸಬೇಕು, ಬರೆದಿಡಬೇಕು. ಬರೆಯದಿದ್ದರೆ ಮಾರನೇ ದಿನ ಅದನ್ನು ಹುಡುಕಿ ಕೊಡುವುದು ಹಿಟಾಚಿಯ ಬಕೆಟ್ಟು. ಇವತ್ತು ತಾರೀಕು 19. ರಿಜಿಸ್ಟರಿನಲ್ಲಿ ‘ಮಿಸ್‌ಫೈರ್: ಇಲ್ಲ’ ಎಂದು ಒಂದೇ ಪೆನ್ನಿನಲ್ಲಿ, ಭಾನುವಾರಗಳೂ ಸೇರಿ, 31ರವರೆಗೆ ತುಂಬಿದೆ.