ಎ ಒನ್ ಎಂದರೆ ಯಾವುದರಲ್ಲಿ ಎ ಒನ್?

ನಮ್ಮ ದಾವಣಗೆರೆಯಲ್ಲಿ ಒಳ್ಳೆಯ ಮಾಲನ್ನು ಹೊಗಳಲು ‘ಎ ಒನ್’ ಎಂಬಷ್ಟು ಸಲೀಸಾಗಿ ಬಾಯಿಗೆ ಬರುವ ಮಾತು ಇನ್ನೊಂದಿರಲಾರದು. ಅಕ್ಕಿ ಅಂಗಡಿಯಲ್ಲಿ ಸೋನಾ ಮಸೂರಿ ಎ ಒನ್, ಭಟ್ಟಿಯಿಂದ ಈಗಷ್ಟೇ ಬಂದ ಮಂಡಕ್ಕಿ ಎ ಒನ್, ಮಾರಾಟಕ್ಕೆ ನಿಂತ ಹಳೆಯ ಗಾಡಿಯ ಕಂಡೀಷನ್ ಎ ಒನ್. ಸಂಬಂಧ ನೋಡಿ ಬಂದವರ ಬಾಯಲ್ಲಿ ಮನೆತನವೂ ಎ ಒನ್. ಮಾತು ನನಗೂ ಇಷ್ಟವೇ. ಆದರೆ ಯಾವ ಪರೀಕ್ಷೆಯನ್ನೂ ಮಾಡದೆ ಅದನ್ನು ಹೇಳಿಬಿಡುವ, ಕೇಳಿದವರೂ ತಲೆಯಾಡಿಸಿ ಹಣ ಎಣಿಸಿಬಿಡುವ ರೂಢಿಗೆ ನನ್ನ ತಕರಾರಿದೆ.

ಏಕೆಂದರೆ ಇದು ಪರೀಕ್ಷೆಯಿಂದಲೇ ಹುಟ್ಟಿದ ಮಾತು. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಹೆಸರಿನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ಹಡಗು ವ್ಯಾಪಾರಿಗಳು ಮತ್ತು ವಿಮೆದಾರರು 1760ರಲ್ಲಿ ಒಂದು ಸಂಘ ಕಟ್ಟಿಕೊಂಡು, ಹಡಗುಗಳನ್ನು ತಪಾಸಣೆ ಮಾಡಿಸಿ ದರ್ಜೆ ನಮೂದಿಸುವ ಪದ್ಧತಿ ತಂದರು. ಹಡಗಿನ ಒಡಲು ಹೇಗಿದೆಯೆಂಬುದಕ್ಕೆ ಅಕ್ಷರ, ಲಂಗರು, ಹಗ್ಗ ಮೊದಲಾದ ಸಲಕರಣೆ ಹೇಗಿವೆಯೆಂಬುದಕ್ಕೆ ಅಂಕಿ. ಎರಡರಲ್ಲೂ ಮೇಲಾಗಿದ್ದರೆ ಮಾತ್ರ ಎ ಒನ್.

ಅಂಥ ಕಟ್ಟುನಿಟ್ಟು ನಮಗೇನೂ ಹೊಸದಲ್ಲ. ಚನ್ನಗಿರಿ, ಭೀಮಸಮುದ್ರದ ಅಡಿಕೆ ವ್ಯಾಪಾರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮಾಲಿಗೆ ಬರೀ ಒಳ್ಳೆಯದು, ಕೆಟ್ಟದ್ದು ಎಂಬ ಹೆಸರಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕರೆಯುತ್ತಾರೆ, ಮತ್ತು ಪ್ರತಿ ಹೆಸರಿನ ಹಿಂದೆಯೂ ಕಾಯಿ ಎಷ್ಟು ಬಲಿತಾಗ ಕೊಯ್ದದ್ದು ಎಂಬ ಲೆಕ್ಕವಿದೆ. ಎಳೆಯ ಕಾಯಿಯನ್ನು ಹದ ನೋಡಿ ಇಳಿಸಿ, ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ರಸ) ಕೊಟ್ಟು ಒಣಗಿಸಿದರೆ ಅದು ಸರಕು. ಗೊನೆಯನ್ನು ಮರದಲ್ಲೇ ಹಣ್ಣಾಗಲು ಬಿಟ್ಟರೆ, ಆಮೇಲೆ ಎಷ್ಟೇ ಚೆನ್ನಾಗಿ ಬೇಯಿಸಿದರೂ ಅದು ಗೊರಬಲಿನ ಲೆಕ್ಕಕ್ಕೇ ಹೋಗುತ್ತದೆ. ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರ ಯಾವ ವಾರ ತೋಟಕ್ಕೆ ಆಳು ಕಳಿಸಿದನೆಂಬುದರ ಮೇಲೆ ದರ್ಜೆ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಮಂಡಿಯಲ್ಲಿ ಅನುಭವಸ್ಥರು ಚೀಲದಿಂದ ಒಂದು ಹಿಡಿ ಎತ್ತಿ ಅಂಗೈಯಲ್ಲೇ ಕುಲುಕಿ ಸದ್ದು ಕೇಳುತ್ತಾರೆ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾರೆ. ಹೊರಗಿನ ಕೆಂಪನ್ನು ಮಾತ್ರ ನೋಡಿ ಯಾರೂ ದರ ಕೂಗುವುದಿಲ್ಲ. ಬಣ್ಣ ಬಳಿದ ಅಡಿಕೆಯ ಕಾಟ ಇರುವ ಕಾಲದಲ್ಲಿ ಹಾಗೆ ಕೂಗುವುದು ಸಾಧ್ಯವೂ ಇಲ್ಲ.

ಮೆಕ್ಕೆಜೋಳದಲ್ಲೂ ಹೀಗೆಯೇ: ತೇವಾಂಶ ಶೇಕಡ 14ರ ಒಳಗಿದೆಯೋ ಇಲ್ಲವೋ ಎಂದು ಮೀಟರ್ ಹೇಳುತ್ತದೆ. ಚಿನ್ನಕ್ಕೆ 916ರ ಹಾಲ್‌ಮಾರ್ಕ್ ಇದೆ, ಕೃಷಿ ಉತ್ಪನ್ನಗಳಿಗೆ 1937ರ ಕಾಯಿದೆಯಿಂದ ಬಂದ ಆಗ್‌ಮಾರ್ಕ್ ಇದೆ.

ಹೀಗೆ ರೈತನ ಮಾಲನ್ನು ಸೀಳಿ, ಕುಲುಕಿ, ಅಳೆದು ದರ್ಜೆ ಕಟ್ಟುವ ಊರಿನಲ್ಲಿ, ಅದೇ ರೈತ ಸಂಜೆ ಸಂತೆ ಸಾಮಾನಿಗೆ ಅಂಗಡಿಗೆ ಹೋದಾಗ ಚೀಲದ ಮೇಲೆ ಅಚ್ಚಾದ ‘ಎ ಒನ್ ಕ್ವಾಲಿಟಿ’ ಎಂಬುದನ್ನು ನಂಬಿ ಮರಳಬೇಕಾಗಿರುವುದು ನನಗೆ ಅನ್ಯಾಯವೆನಿಸುತ್ತದೆ. ಕೊಡುವಾಗ ಅವನಿಗೆ ಪರೀಕ್ಷೆ, ಕೊಳ್ಳುವಾಗ ಅವನಿಗೆ ಬರೀ ಮಾತು. ಆ ಅಚ್ಚಿನ ಹಿಂದೆ ಎಷ್ಟೋ ಸಲ ಯಾವ ತಪಾಸಣೆಯೂ ಇರುವುದಿಲ್ಲ, ಪ್ರಿಂಟಿಂಗ್ ಖರ್ಚೊಂದೇ ಇರುತ್ತದೆ.

ಆದ್ದರಿಂದ ಅಂಗಡಿಯವರು ಎ ಒನ್ ಎಂದಾಗ ಯಾವುದರಲ್ಲಿ ಎಂದು ಕೇಳುವುದು ನಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ. ಅಕ್ಕಿಯಾದರೆ, ಹಳೆಯ ಭತ್ತದ್ದೋ ಹೊಸದೋ, ನುಚ್ಚು ಎಷ್ಟಿದೆ, ಅನ್ನ ಮುದ್ದೆಯಾಗುತ್ತದೆಯೋ ಎಂದು ಕೇಳಬೇಕು. ‘ಇದು ಹೊಸ ಅಕ್ಕಿ ಅಣ್ಣಾ, ನೀರು ಸ್ವಲ್ಪ ಕಡಿಮೆ ಇಡ್ರಿ’ ಎಂದು ಕೇಳುವ ಮೊದಲೇ ಹೇಳುವ ವ್ಯಾಪಾರಿಗಳು ನಮ್ಮಲ್ಲಿ ಈಗಲೂ ಇದ್ದಾರೆ. ಅಂಥವರಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ.